ದಾಳಿಂಬಿ ಕಾಳಿನಂಥ ಕಲ್ಲು: ಗಾರ್ನೆಟ್ ಬಗ್ಗೆ ನೀವು ಕೇಳಿದ್ದು

ಈ ಸಲದ ಪತ್ರದಾಗ ಮೂರು ಗಾರ್ನೆಟ್ ಬಗ್ಗೆನೇ ಬಂದಾವ. ಪತ್ತಾರ ಮನ್ಯಾಗ ಹುಟ್ಟಿ ಕುಲುಮಿ ಮುಂದ ಬೆಳದಾಕಿ ನಾನು, ಈ ಕಲ್ಲಿನ ಮಾತು ಬಂದ್ರ ಒಂದೆರಡು ಸಾಲಿನಾಗ ಮುಗಸಾಕ ಆಗಂಗಿಲ್ಲ, ಅದಕ್ಕ ಇವತ್ತು ಬ್ಯಾರೆ ಪ್ರಶ್ನೆ ತಗೊಂಡಿಲ್ಲ.

ಪ್ರಶ್ನೆ: ಅಕ್ಕಾರ, ನನ್ನ ಮಗಳು ಜನವರಿಯಾಗ ಹುಟ್ಟಿದಾಕಿ. ಹದಿನೆಂಟು ತುಂಬತಾವ ಅಂತ ಬಳ್ಳಾರಿಯಾಗ ಒಂದು ಅಂಗಡ್ಯಾಗ ಕೆಂಪು ಹರಳಿನ ಉಂಗುರ ತಗೊಂಡ್ವಿ. ಇದು ಬರ್ತ್‌ಸ್ಟೋನ್, ಮಾಣಿಕ್ಯದ ಜಾತೀದೇ ಅಂತ ಹೇಳಿ ಕೊಟ್ರು. ಮನಿಗೆ ತಂದು ನೋಡಿದ್ರ ಕರ್ರಗ ಕಾಣತೈತಿ. ಮೋಸ ಹೋದ್ವೇನ್ರಿ?
(ಹೆಸರು ಬ್ಯಾಡ ಅಂದಾರ, ಕುಷ್ಟಗಿ)

ಉತ್ತರ: ಕಲ್ಲು ಖೊಟ್ಟಿ ಇರಲಿಕ್ಕಿಲ್ಲ ತಂಗೀ, ಅವರು ಹೇಳಿದ ಮಾತು ಖೊಟ್ಟಿ. ಜನವರಿಗೆ ಗಾರ್ನೆಟ್ ಅನ್ನೋದು ಖರೇನೇ, ಅಮೆರಿಕದ ಒಡವೆ ವ್ಯಾಪಾರಸ್ತರು 1912ರಾಗ ಕೂಡಿ ತಿಂಗಳಿಗೊಂದು ಕಲ್ಲು ಅಂತ ಪಟ್ಟಿ ಮಾಡಿದ್ರು, ಈಗ ಅಂಗಡ್ಯಾಗ ಹೇಳೋ ಬರ್ತ್‌ಸ್ಟೋನ್ ಲೆಕ್ಕ ಬಾಳಷ್ಟು ಅಲ್ಲಿಂದನೇ ಬಂದದ್ದು. ಆದ್ರ ಮಾಣಿಕ್ಯಕ್ಕೂ ಇದಕ್ಕೂ ಬಣ್ಣ ಒಂದು ಬಿಟ್ರ ಸಂಬಂಧ ಇಲ್ಲ. ಗಟ್ಟಿತನದ ಅಳತಿಯಾಗ ಮಾಣಿಕ್ಯ 9, ಗಾರ್ನೆಟ್ ಆರೂವರೆಯಿಂದ ಏಳೂವರೆ. ರೇಟಿನಾಗಂತೂ ಬಾಳ ಫರಕು, ಹಂಗಾಗಿ ಬಿಲ್ಲಿನಾಗ ಏನಂತ ಬರದಾರ ಮೊದ್ಲು ನೋಡ್ರಿ. ಮಾಣಿಕ್ಯ ಅಂತ ಬರದು ಮಾಣಿಕ್ಯದ ರೊಕ್ಕ ತಗೊಂಡಿದ್ರ ಬಿಲ್ ಹಿಡಕೊಂಡು ಹೋಗಿ ಕೇಳ್ರಿ, ಸುಮ್ನ ಕುಂದರಬ್ಯಾಡ್ರಿ.

ಇನ್ನ ಕರ್ರಗ ಕಾಣೋ ವಿಚಾರ. ಕೆಂಪು ಗಾರ್ನೆಟ್ಟಿನಾಗ ಕಬ್ಬಿಣ ಇರತೈತಿ, ನಮ್ಮ ಸಂಡೂರ ಮಣ್ಣಿಗೆ ಕೆಂಪು ಕೊಟ್ಟ ಅದೇ ಕಬ್ಬಿಣ. ಅದು ಜಾಸ್ತಿ ಆಗಿ ಕಲ್ಲು ದಪ್ಪ ಇತ್ತಂದ್ರ ಬೆಳಕು ಒಳಗ ಹೋಗಿ ವಾಪಸ್ ಬರಂಗಿಲ್ಲ. ಅದರಾಗ ಹಿಂದ ತಗಡು ಮುಚ್ಚಿದ ಉಂಗುರ ಆದ್ರ ಮುಗೀತು. ನಮ್ಮವ್ವಂದು ಇಂಥದ್ದೇ ಒಂದಿತ್ತು, ಪೆಟಿಗ್ಯಾಗ ಇದ್ದಾಗ ಹುಣಸಿ ಬೀಜದಂಗ ಕಾಣತಿತ್ತು. ಒಂದಿನ ಅಪ್ಪ ಅದನ್ನ ಇಕ್ಕಳದಾಗ ಹಿಡದು ಹಿಂದಿನ ತಗಡನ್ನ ಸಣ್ಣ ಗರಗಸದಿಂದ ದುಂಡಗ ಕೊರದು ತಗದ, ಅರ ಹಚ್ಚಿ ಅಂಚು ನುಣ್ಣಗ ಮಾಡಿ ಬಾಗಿಲ ಬಿಸಲಿಗೆ ಹಿಡದ, ಏನ್ ಹೇಳ್ಲಿ, ಆಗಷ್ಟ ಬಿಡಿಸಿದ ದಾಳಿಂಬಿ ಕಾಳು! ಅವ್ವ ಅದನ್ನ ಆಮ್ಯಾಲೆ ಬೆರಳಿಂದ ತಗದದ್ದು ನಾ ನೋಡಿದ್ದು ಕಡಿಮಿ. ಗಾರ್ನೆಟ್ ಅನ್ನೋ ಹೆಸರೂ ಲ್ಯಾಟಿನ್ ಭಾಷಾದಾಗ ದಾಳಿಂಬಿಗೆ ಇರೋ ಶಬ್ದದಿಂದನೇ ಬಂದದ್ದು, ಕುಷ್ಟಗಿ ಕಡೆ ತೋಟ ನೋಡಿದವ್ರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಕಾಲದ ಕೆಲಸಗಾರರು ದಪ್ಪ ಕಲ್ಲಿನ ಬೆನ್ನನ್ನೇ ಬಟ್ಟಲದಂಗ ಕೊರದು ತೆಳ್ಳಗ ಮಾಡತಿದ್ರು, ಅದೂ ಬೆಳಕಿಗೇ.

ಹಂಗಾಗಿ ನಂಬಿಕಿ ಇರೋ ಪತ್ತಾರರ ಕಡೆ ಹೋಗಿ ಹಿಂದ ಓಪನ್ ಮಾಡಸ್ರಿ. ಬೆಂಕಿ ತೋರಸೂದಿದ್ರ ಮೊದ್ಲು ಹರಳು ಬಿಚ್ಚಾಕ ಹೇಳ್ರಿ, ಒಮ್ಮೆಲೆ ಕಾವು ತಾಗಿದ್ರ ಗಾರ್ನೆಟ್ ಬಿರುಕು ಬಿಡತೈತಿ. ಹರಳು ಬಿಚ್ಚಿದಾಗ ಇನ್ನೊಂದು ಕೆಲಸ ಮಾಡ್ರಿ. ಒಂದು ಬೋಗಾಣಿ ನೀರಾಗ ಥರ್ಮೋಕೋಲಿನ ಸಣ್ಣ ತುಂಡು ತೇಲಿಬಿಟ್ಟು ಅದರ ಮ್ಯಾಲೆ ಹರಳಿಟ್ಟು, ನಿಯೋಡಿಮಿಯಂ ಮ್ಯಾಗ್ನೆಟ್ ಅಂತ ಸಿಗತೈತಲ್ಲ, ಬಾಳ ಜೋರಿಂದು, ಅದನ್ನ ಹರಳಿನ ಹತ್ರ ಹಿಡೀರಿ, ಮುಟ್ಟಿಸಬ್ಯಾಡ್ರಿ. ಕೆಂಪು ಗಾರ್ನೆಟ್ ಇದ್ರ ದೋಣಿ ಮೆಲ್ಲಕ ಮ್ಯಾಗ್ನೆಟ್ ಕಡೆ ಬರತೈತಿ. ಮಾಣಿಕ್ಯ ಆಗ್ಲಿ ಬರೇ ಕೆಂಪು ಗಾಜಾಗ್ಲಿ ಹಂಗ ಬರಂಗಿಲ್ಲ. ಮಗಳ ಕೈಯಾಗೇ ಕೊಟ್ಟು ಮಾಡಸ್ರಿ, ತನ್ನ ಕಲ್ಲೊಳಗ ಕಬ್ಬಿಣ ಐತಿ ಅಂತ ಕಣ್ಣಾರೆ ನೋಡ್ಲಿ.

ಮತ್ತ ಒಂದು ಮಾತು, ಅಗ್ಗದ ಕಲ್ಲು ಅಂತ ಆ ಹುಡುಗಿ ಮುಂದ ಅನಬ್ಯಾಡ್ರಿ. ಪಕ್ಕದ ತೆಲಂಗಾಣದ ಕೊತ್ತಗೂಡೆಂ ಹತ್ರ ಗರೀಬ್‌ಪೇಟೆ ಅಂತ ಐತಿ, ಅಲ್ಲಿ ಗಾರ್ನೆಟ್ ಪುದುಚೇರಿ ಹತ್ರದ ಅರಿಕಮೇಡು ಅನ್ನೋ ಹಿಂದಿನ ಕಾಲದ ಬಂದರಿನ ಮಣಿಗಾರರ ತನಕ ಹೋಗಿತ್ತು. ಒಂದು ಸಾವಿರದ ಐನೂರು ವರ್ಷದ ಹಿಂದ ಯುರೋಪಿನ ರಾಜರ ಬಂಗಾರದ ಒಡವಿಗೆ ಕುಂದರಸಿದ ಕೆಂಪು ಹರಳಿನಾಗ ನಮ್ಮ ದೇಶದ್ದು ಎಷ್ಟೋ ಅದಾವ. ಮಾಣಿಕ್ಯದ ಹೆಸರು ಕಡಾ ತಗೊಳ್ಳೋ ಗರಜು ಈ ಕಲ್ಲಿಗೆ ಯಾವತ್ತೂ ಇಲ್ಲ.

ಪ್ರಶ್ನೆ: ಜಾತಕ ನೋಡಿ ರಾಹುವಿಗೆ ಗೋಮೇಧಿಕ ಹಾಕ್ರಿ ಅಂದಾರ. ಗೋಮೇಧಿಕನೂ ಗಾರ್ನೆಟ್ಟೇ ಅಂತಾರಲ್ಲ, ನನ್ನ ಹತ್ರ ಕೆಂಪು ಗಾರ್ನೆಟ್ ಐತಿ, ಅದೇ ನಡೀತೈತೇನು?
(ಓದುಗರು, ಗಂಗಾವತಿ)

ಉತ್ತರ: ಮನಿತನ ಒಂದೇ ಅಣ್ಣಾರ, ಕಲ್ಲು ಬ್ಯಾರೆ. ಗಾರ್ನೆಟ್ ಅಂದ್ರ ದೊಡ್ಡ ಬಳಗ. ಗೋಮೇಧಿಕಕ್ಕ ಹೆಸ್ಸೊನೈಟ್ ಅಂತಾರ, ಜೇನುತುಪ್ಪದ ಬಣ್ಣ, ಲೆನ್ಸ್ ಹಿಡದು ನೋಡಿದ್ರ ಒಳಗ ಪಾಕ ಕಲಸಿದಂಗ ಸುಳಿಸುಳಿ ಕಾಣತೈತಿ. ಇದೇ ಬಳಗದಾಗ ಅಚ್ಚ ಹಸರಿನ ಸಾವೊರೈಟ್ ಐತಿ, 1967ರಾಗ ಟಾಂಜಾನಿಯಾದಾಗ ಸಿಕ್ಕದ್ದು. ಜನವರಿ ಲೆಕ್ಕ ಕ್ಯಾಲೆಂಡರಿಂದು, ರಾಹು ಲೆಕ್ಕ ನವರತ್ನದ್ದು, ಎರಡನ್ನೂ ಕಲಸಬ್ಯಾಡ್ರಿ. ಗೋಮೇಧಿಕ ಅಂತ ಹೇಳಿದ್ರ ಗೋಮೇಧಿಕನೇ ತಗೋರಿ, ಕೆಂಪಿಂದು ಚಂದಕ್ಕ ಹಾಕ್ಕೋರಿ.

ಪ್ರಶ್ನೆ: ದಿನಾ ಹಾಕಬಹುದೇನ್ರಿ? ತೊಳಿಯೂದು ಹೆಂಗ?
(ಗೃಹಿಣಿ, ಸಿಂಧನೂರು)

ಉತ್ತರ: ಹಾಕಬಹುದು, ಕಿವಿಗೆ ಕೊರಳಿಗೆ ಆದ್ರ ಚಿಂತಿ ಇಲ್ಲ, ಉಂಗುರಕ್ಕಷ್ಟ ಜೋಪಾನ. ನಮ್ಮ ಕಡೆ ಧೂಳಿನಾಗ ಬೆಣಚುಕಲ್ಲಿನ ಪುಡಿ ಇರತೈತಿ, ಅದರ ಗಟ್ಟಿತನ 7, ಒಣ ಸೆರಗಿಲೆ ತಿಕ್ಕಿದ್ರ ಹರಳಿನ ಹೊಳಪು ಹೊಕ್ಕತಿ. ಉಗುರುಬೆಚ್ಚಗಿನ ನೀರಿಗೆ ಚೂರು ಸೋಪು ಹಾಕಿ ಮೆತ್ತನ ಬ್ರಶ್‌ಲೆ ತೊಳೀರಿ, ಕುದಿಯೋ ನೀರು ಬ್ಯಾಡ. ರೊಟ್ಟಿ ಬಡಿಯುವಾಗ ಮಾತ್ರ ತಗದಿಡ್ರಿ, ಜ್ವಾಳದ ಹಿಟ್ಟು ಹರಳಿನ ಬೆನ್ನಿಗೆ ಹೋಗಿ ಕುಂತು ಒಣಗಿತಂದ್ರ ಎಂಥಾ ಕೆಂಪು ಕಲ್ಲೂ ಮಂಕಾಗತೈತಿ.