ಗೇಮ್ ಆಡುವ ಪುಟ್ಟ ಸಾಧನದಲ್ಲಿ ಸಿನಿಮಾ ನೋಡಬೇಕು, ಎಲ್ಲಕ್ಕಿಂತ ವೇಗದ ಪ್ಲೇಯರ್ ಯಾವುದು?

ಹೊಸ ಪ್ಲೇಯರ್ ಬೇಡ. ಈಗ ಇರುವುದೇ ಸಾಕು.

640×480 ಸ್ಕ್ರೀನಿನ ಲಿನಕ್ಸ್ ಸಾಧನ, 1080ಪಿ ಸಿನಿಮಾ ಹಾಕಿದರೆ ಚಿತ್ರ ತಡವರಿಸುತ್ತದೆ, ವೇಗದ ಪ್ಲೇಯರ್ ಸಿಗದಿದ್ದರೆ ನಾನೇ ಒಂದು ಬರೆಯಲಾ ಅಂತ ಕೇಳಿದ್ದೀರಿ. ಆ ಕೊನೆಯ ಮಾತು ಓದಿದ ಮೇಲೆ ಸುಮ್ನೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ನಾನು ಬರೆದಿದ್ದೆ. ಅದೂ ನಿಂಟೆಂಡೊ ಕಂಪನಿಯ ಪುಟ್ಟ ಗೇಮ್ ಸಾಧನ ಗೇಮ್ ಬಾಯ್ ಅಡ್ವಾನ್ಸ್‌ಗೆ.

2001ರ ಯಂತ್ರ ಅದು. ಸ್ಕ್ರೀನ್ 240×160. ಪ್ರೊಸೆಸರ್ 16.78 ಮೆಗಾಹರ್ಟ್ಸ್. ವೇಗದ ಮೆಮೊರಿ 32 ಕೆಬಿ, ನಿಧಾನದ್ದು 256 ಕೆಬಿ. ಇದರಲ್ಲಿ ಸಿನಿಮಾನಾ ಅಂತ ನಗಬೇಡಿ, ಹುಚ್ಚು ನನ್ನೊಬ್ಬನದಲ್ಲ. 2004ರಲ್ಲೇ ಗೇಮ್ ಬಾಯ್ ಅಡ್ವಾನ್ಸ್ ವಿಡಿಯೊ ಅನ್ನುವ, ಯಂತ್ರಕ್ಕೆ ಚುಚ್ಚುವ ಕಾರ್ಟ್ರಿಜ್‌ಗಳು ಮಾರಾಟಕ್ಕೆ ಬಂದಿದ್ದವು. ಒಳಗೆ ಆಟ ಇಲ್ಲ, ಬರೀ ಕಾರ್ಟೂನ್ ಕಂತುಗಳು. ಮರುವರ್ಷ ಜಪಾನಿನಲ್ಲಿ ನಿಂಟೆಂಡೊ ತಾನೇ ಪ್ಲೇ-ಯಾನ್ ಅಂತ ಒಂದು ಕಾರ್ಟ್ರಿಜ್ ತಂದಿತು. ಎಸ್‌ಡಿ ಕಾರ್ಡ್ ಅದರೊಳಗೆ ತೂರಿಸಬೇಕು, ಹೆಡ್‌ಫೋನ್ ಕೂಡ ಆ ಕಾರ್ಟ್ರಿಜ್‌ಗೇ ಚುಚ್ಚಬೇಕು.

ನನ್ನ ಹತ್ತಿರ ಇದ್ದದ್ದು ಮೆಮೊರಿ ಕಾರ್ಡ್ ಹಾಕುವ ಒಂದು ಫ್ಲ್ಯಾಶ್ ಕಾರ್ಟ್ರಿಜ್. ಲೆಕ್ಕ ಹಾಕಿದೆ. ಒಂದು ಪೂರ್ತಿ ಫ್ರೇಮಿಗೆ, ಅಂದರೆ ಸಿನಿಮಾದ ಒಂದು ಬಿಡಿ ಚಿತ್ರಕ್ಕೆ, 76,800 ಬೈಟ್. ಸೆಕೆಂಡಿಗೆ 12 ಫ್ರೇಮ್ ಅಂದರೂ 9 ಲಕ್ಷ ಬೈಟ್ ದಾಟುತ್ತದೆ. ಅಷ್ಟನ್ನು ಓದಿ ಸ್ಕ್ರೀನಿಗೆ ತುಂಬುವುದು ಆಗದ ಮಾತು. ಹಾಗಾಗಿ ಸ್ಕ್ರೀನನ್ನು 8×8ರ 600 ಚೌಕಗಳಾಗಿ ಒಡೆದು, ಹಿಂದಿನ ಫ್ರೇಮಿಗಿಂತ ಬದಲಾದ ಚೌಕಗಳನ್ನು ಮಾತ್ರ ಬರೆಯುವ ಫಾರ್ಮ್ಯಾಟ್ ಒಂದನ್ನು ಮಾಡಿಕೊಂಡೆ. ಕಂಪ್ಯೂಟರಿನಲ್ಲಿ ಅದಕ್ಕೊಂದು ಕನ್ವರ್ಟರ್, ಸಾಧನದಲ್ಲಿ ಒಂದು ಪ್ಲೇಯರ್. ನಿಮ್ಮ ಹಾಗೆಯೇ ನನಗೂ ತಲೆಯಲ್ಲಿ ಇದ್ದದ್ದು ಒಂದೇ, ವೇಗ. ಡಿಕೋಡರಿನ (ಒತ್ತಿಟ್ಟ ಚಿತ್ರವನ್ನು ಬಿಡಿಸುವ ಭಾಗ) ಒಳಗಿನ ಲೂಪನ್ನು ಪ್ರೊಸೆಸರಿನ ಸ್ವಂತ ಭಾಷೆಯಾದ ಅಸೆಂಬ್ಲಿಯಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದೊಂದು ಸೂಚನೆ ಉಳಿಸಿದಾಗಲೂ ಏನೋ ಗೆದ್ದ ಖುಷಿ.

ಅರ್ಧ ನಿಮಿಷದ ತುಣುಕು ಹಾಕಿ ನೋಡಿದೆ. ಒಬ್ಬ ಮಾತಾಡುವ ಮುಖ. ತುಟಿ, ಮಾತು ಎರಡೂ ಜೊತೆಗಿದ್ದವು. ಕಂಡವರಿಗೆಲ್ಲ ತೋರಿಸಿದೆ. ಆಮೇಲೆ ನನ್ನ ಬಳಿ ಇದ್ದ ಸಿನಿಮಾಗಳನ್ನೆಲ್ಲ ಕನ್ವರ್ಟ್‌ಗೆ ಹಾಕಿದೆ.

ಪೂರ್ತಿ ಸಿನಿಮಾ ನೋಡಲು ಕೂತಾಗ ಬಣ್ಣ ಬಯಲಾಯಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಮಾತು ಮುಗಿದ ಮೇಲೆ ಬಾಯಿ ತೆರೆಯುತ್ತಿತ್ತು. ಕ್ಲೈಮ್ಯಾಕ್ಸ್ ಹೊತ್ತಿಗೆ ಗುಂಡಿನ ಸದ್ದು ಕೇಳಿ ಅರ್ಧ ನಿಮಿಷ ಆದ ಮೇಲೆ ಬಂದೂಕು ಹೊರಗೆ ಬರುತ್ತಿತ್ತು.

ಇಲ್ಲಿ ಏನಾಯಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬೇಸರ ಆದರೆ ಕೆಳಗೆ ಹಾರಿ, ಆದರೆ ಸ್ವಂತ ಪ್ಲೇಯರ್ ಬರೆಯುವ ಆಸೆ ಇದ್ದರೆ ಹಾರಬೇಡಿ.

ಸ್ಕ್ರೀನ್ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ ಅಂತ ನಾನು ಹಿಡಿದಿದ್ದೆ. ಎಲ್ಲರೂ ಬಾಯಿಮಾತಿಗೆ ಹಾಗೇ ಹೇಳುವುದು ಅಲ್ವಾ. ಐದು ಸಲ ಹೊಸದಾದಾಗ ಒಂದು ಫ್ರೇಮ್ ಮುಂದಕ್ಕೆ, ಅಲ್ಲಿಗೆ ಸೆಕೆಂಡಿಗೆ 12. ಆದರೆ ಆ ಯಂತ್ರ ಒಂದು ಸಲ ಸ್ಕ್ರೀನ್ ಬರೆಯಲು 2,80,896 ಗಡಿಯಾರ ಬಡಿತ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ಬಡಿತ 1,67,77,216. ಭಾಗಿಸಿ ನೋಡಿ, 60 ಬರುವುದಿಲ್ಲ, 59.73 ಬರುತ್ತದೆ. ಧ್ವನಿಯ ಕಥೆ ಬೇರೆ. ನಾನು ಟೈಮರನ್ನು 1,024 ಬಡಿತಕ್ಕೆ ಒಂದು ಸ್ಯಾಂಪಲ್ (ಧ್ವನಿಯ ಒಂದು ಚೂರು) ಅಂತ ಇಟ್ಟಿದ್ದೆ. ಅದು ಸೆಕೆಂಡಿಗೆ ಸರಿಯಾಗಿ 16,384, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಅಂದರೆ ಧ್ವನಿ ಸರಿಯಾದ ವೇಗದಲ್ಲಿ, ಚಿತ್ರ ಮಾತ್ರ ಹೆಚ್ಚುಕಡಿಮೆ ಅರ್ಧ ಶೇಕಡಾದಷ್ಟು ನಿಧಾನ. ಅರ್ಧ ನಿಮಿಷದ ತುಣುಕಿನಲ್ಲಿ ಇದರ ವ್ಯತ್ಯಾಸ ಸೆಕೆಂಡಿನ ಏಳನೇ ಒಂದು ಭಾಗ, ಅದೂ ಕೊನೆಯಲ್ಲಿ. ಕಣ್ಣಿಗೆ ಬೀಳಲ್ಲ. ಎರಡು ಗಂಟೆಯ ಸಿನಿಮಾದಲ್ಲಿ 33 ಸೆಕೆಂಡ್.

ಇದು ಗೊತ್ತಾಗಿದ್ದರೆ ಒಂದು ಸಂಜೆಯ ಕೆಲಸ. ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ನಾನು ಹುಡುಕುತ್ತಿದ್ದದ್ದೇ ವೇಗವನ್ನು. ಚಿತ್ರ ಹಿಂದೆ ಬಿದ್ದಿದೆ, ಹಾಗಾದರೆ ಡಿಕೋಡರ್ ನಿಧಾನ ಅಂತ ತೀರ್ಮಾನ ಮಾಡಿಬಿಟ್ಟೆ. ಲೂಪನ್ನು ಇನ್ನಷ್ಟು ಹಿಂಡಿದೆ. ಆಗಲಿಲ್ಲ. ಸೆಕೆಂಡಿಗೆ 12 ಬಿಟ್ಟು 10 ಫ್ರೇಮಿಗೆ ಇಳಿದೆ, ಎಲ್ಲ ಸಿನಿಮಾಗಳನ್ನೂ ಮತ್ತೆ ಮೊದಲಿನಿಂದ ಕನ್ವರ್ಟ್ ಮಾಡಿದೆ. ಕೊನೆಯಲ್ಲಿ ನೋಡಿದರೆ ಅದೇ 33 ಸೆಕೆಂಡ್! ಅಲ್ಲೇ ಬುದ್ಧಿ ಬರಬೇಕಿತ್ತು. ಡಿಕೋಡರ್ ನಿಧಾನ ಆಗಿದ್ದರೆ ಹೊಡೆದಾಟದ ದೃಶ್ಯದಲ್ಲಿ ಜಾಸ್ತಿ ಹಿಂದೆ ಬೀಳಬೇಕು, ಸುಮ್ಮನೆ ಕೂತು ಮಾತಾಡುವ ದೃಶ್ಯದಲ್ಲಿ ಕಡಿಮೆ. ಎಲ್ಲ ಸಿನಿಮಾದಲ್ಲೂ ಒಂದೇ ಲೆಕ್ಕದಲ್ಲಿ ಹಿಂದೆ ಬೀಳುತ್ತಿದೆ ಅಂದರೆ ತಪ್ಪು ವೇಗದ್ದಲ್ಲ, ಗಡಿಯಾರದ್ದು.

ಲೆಕ್ಕ ಹೊಳೆದ ಮೇಲೂ ತೇಪೆ ಹಾಕುವ ಕೆಲಸವನ್ನೇ ಮಾಡಿದೆ. ಕನ್ವರ್ಟರಿನಲ್ಲಿ ಧ್ವನಿಯನ್ನು ಅಷ್ಟೇ ಪ್ರಮಾಣದಲ್ಲಿ ಎಳೆದು ಉದ್ದ ಮಾಡಿದೆ. ಎರಡೂ ಕೂಡಿಕೊಂಡವು. ಆದರೆ ಕಾರ್ಡ್ ಓದುವಾಗ ಎಲ್ಲೋ ಒಂದು ಕಡೆ ತಡ ಆಯಿತು ಅನ್ನಿ, ಆ ಫ್ರೇಮ್ ಲೇಟ್. ಒಮ್ಮೆ ಲೇಟ್ ಆದದ್ದು ಕೊನೆಯವರೆಗೂ ಲೇಟೇ, ಯಾಕೆಂದರೆ ಹಿಂದೆ ಬಿದ್ದಿದ್ದೇನೆ ಅಂತ ಪ್ಲೇಯರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಸುಮ್ಮನೆ ಐದು ಎಣಿಸುತ್ತಿತ್ತು, ಅಷ್ಟೆ. ಎಳೆದು ಉದ್ದ ಮಾಡಿದ ಫೈಲ್‌ಗಳೆಲ್ಲ ದಂಡ.

ಸರಿಯಾದ ದಾರಿ ನಾಚಿಕೆ ಆಗುವಷ್ಟು ಚಿಕ್ಕದು. ಇಲ್ಲಿಯವರೆಗೆ ಎಷ್ಟು ಸ್ಯಾಂಪಲ್ ಧ್ವನಿ ನುಡಿದಿದೆ ಅಂತ ಕೇಳಬೇಕು. ಅದರಿಂದ ಈಗ ಯಾವ ಫ್ರೇಮ್ ಸ್ಕ್ರೀನಿನ ಮೇಲೆ ಇರಬೇಕು ಅಂತ ಲೆಕ್ಕ ಹಾಕಬೇಕು. ಚಿತ್ರ ಮುಂದಿದ್ದರೆ ಕಾಯಬೇಕು, ಹಿಂದಿದ್ದರೆ ಕಾಯದೆ ಓಡಬೇಕು. ಧ್ವನಿಯೇ ಯಜಮಾನ. ಒಂದು ಫ್ರೇಮ್ ತಪ್ಪಿದರೆ ಕಣ್ಣು ಸಹಿಸುತ್ತದೆ, ಧ್ವನಿ ಚೂರು ಮುರಿದರೂ ಕಿವಿ ಸಹಿಸುವುದಿಲ್ಲ. ಸ್ಕ್ರೀನ್ 60 ಸಲ ಬರೆಯಲಿ, 59.73 ಸಲ ಬರೆಯಲಿ, ಆಮೇಲೆ ನಮಗೆ ತಲೆನೋವಿಲ್ಲ.

ಈಗ ನಿಮ್ಮ ವಿಷಯ. ಎಫ್‌ಎಫ್‌ಪ್ಲೇ, ಎಂಪಿವಿ, ಲಿನಕ್ಸಿನಲ್ಲಿ ಸಿಗುವ ಈ ಎರಡು ಪ್ಲೇಯರುಗಳೂ ನೀವೇನೂ ಹೇಳದಿದ್ದರೂ ಧ್ವನಿಯನ್ನೇ ಗಡಿಯಾರ ಮಾಡಿಕೊಳ್ಳುತ್ತವೆ. ನಾನು ಒದ್ದಾಡಿ ಕಲಿತದ್ದು ಅವುಗಳಲ್ಲಿ ಮೊದಲೇ ಇದೆ. ನೀವು ಇನ್ನೊಂದು ಬರೆದು ಅವುಗಳಿಗಿಂತ ವೇಗ ಮಾಡುತ್ತೇನೆ ಅಂದರೆ ನಾನು ನಂಬುವುದಿಲ್ಲ, ಕ್ಷಮಿಸಿ. ಎರಡೂ ಒಂದೇ ಎಫ್‌ಎಫ್‌ಎಂಪೆಗ್ ಡಿಕೋಡರನ್ನು ಬಳಸುವಂಥವು. ಒಂದು ಬಿಟ್ಟು ಇನ್ನೊಂದು ಹಾಕಿದರೆ ಹೇಳಿಕೊಳ್ಳುವಂಥ ಲಾಭ ಸಿಗಲ್ಲ.

ನಿಮ್ಮ ಸಾಧನ ನಿಧಾನ ಅಲ್ಲ, ನೀವು ಅದಕ್ಕೆ ಕೊಟ್ಟಿರುವ ಕೆಲಸ ದಂಡದ್ದು. 1920×1080 ಅಂದರೆ 20,73,600 ಪಿಕ್ಸೆಲ್. ಅದೇ ಆಕಾರದ ಚಿತ್ರ ನಿಮ್ಮ ಸ್ಕ್ರೀನಿನಲ್ಲಿ ಕೂರುವುದು 640×360ರಲ್ಲಿ, ಅಂದರೆ 2,30,400. ಸರಿಯಾಗಿ ಒಂಬತ್ತನೇ ಒಂದು ಭಾಗ. ಪ್ರತಿ ಒಂದು ಪಿಕ್ಸೆಲ್ ತೋರಿಸಲು ಒಂಬತ್ತನ್ನು ಬಿಡಿಸಿ ಎಂಟನ್ನು ಬಿಸಾಡುತ್ತಿದೆ ಆ ಪಾಪದ ಚಿಪ್. ಅದರ ಮೇಲೆ ಫೈಲ್ ಎಚ್.265 (ಬಿಡಿಸಲು ಹೆಚ್ಚು ಕೆಲಸ ಬೇಡುವ ಒತ್ತುವ ವಿಧಾನ), 10 ಬಿಟ್ ಬಣ್ಣದ್ದು ಆಗಿದ್ದರಂತೂ ಮುಗಿಯಿತು.

ಆದ್ದರಿಂದ ಸಿನಿಮಾವನ್ನು ಕಂಪ್ಯೂಟರಿನಲ್ಲಿ ಒಮ್ಮೆ ಚಿಕ್ಕ ಅಳತೆಗೆ ಇಳಿಸಿಕೊಳ್ಳಿ. ಇದು ಸೋಲು ಅಂತ ಕೆಲವರಿಗೆ ಅನ್ನಿಸುತ್ತದೆ, ಯಾಕೋ ಗೊತ್ತಿಲ್ಲ. ನಿಂಟೆಂಡೊ ಡಿಎಸ್‌ನಲ್ಲಿ ಮೂನ್‌ಶೆಲ್ ಅನ್ನುವ ಪ್ಲೇಯರ್ ಬಳಸುತ್ತಿದ್ದವರು ಎಲ್ಲವನ್ನೂ 256×192ರ ಡಿಪಿಜಿ ಫೈಲ್ ಮಾಡಿಕೊಳ್ಳುತ್ತಿದ್ದರು. ಸೋನಿಯ ಗೇಮ್ ಸಾಧನ ಪಿಎಸ್‌ಪಿಯ ಮೊದಲ ದಿನಗಳಲ್ಲಿ ಫೈಲನ್ನು ಕಾರ್ಡಿನ ಗೊತ್ತಾದ ಒಂದು ಫೋಲ್ಡರಿನಲ್ಲೇ ಇಡಬೇಕಿತ್ತು, ಹೆಸರು ಎಂ4ವಿ ಅಂತ ಶುರುವಾಗಿ ಮುಂದೆ ಐದು ಅಂಕಿ ಇರಬೇಕಿತ್ತು, ಇಲ್ಲದಿದ್ದರೆ ಫೈಲ್ ಇದೆ ಅಂತಲೇ ಅದು ಒಪ್ಪುತ್ತಿರಲಿಲ್ಲ. ಆಗಿನವರು ಗೊಣಗಿಕೊಂಡೇ ಮಾಡುತ್ತಿದ್ದರು, ಸಿನಿಮಾ ನೋಡುತ್ತಿದ್ದರು.

ಒತ್ತುವ ವಿಧಾನ ಎಚ್.264 ಇರಲಿ, ಅಗಲ 640, ಎತ್ತರ ತಾನಾಗಿ ಬರಲಿ. ಸ್ಕ್ರೀನ್ ತುಂಬಲಿ ಅಂತ 480ಕ್ಕೆ ಎಳೆಯಬೇಡಿ, ಎಲ್ಲರ ಮುಖವೂ ಸೌತೆಕಾಯಿ ಆಗುತ್ತದೆ. ಎಚ್.264 ಫೈಲ್ ಮಾಡುವ ಎಕ್ಸ್264 ತಂತ್ರಾಂಶದಲ್ಲಿ ಫಾಸ್ಟ್‌ಡಿಕೋಡ್ ಅಂತ ಒಂದು ಟ್ಯೂನ್ (ಸಿದ್ಧ ಹೊಂದಿಕೆ) ಇದೆ, ಹಾಕಿ. ಬಿಡಿಸಲು ಕಷ್ಟವಾದ ಕೆಲವು ತಂತ್ರಗಳನ್ನು ಅದು ಆಫ್ ಮಾಡುತ್ತದೆ. ಫೈಲ್ ಸ್ವಲ್ಪ ದಪ್ಪ ಆಗಬಹುದು, ಚಿತ್ರ ಸ್ವಲ್ಪ ಒರಟಾಗಬಹುದು, ಅಷ್ಟು ಚಿಕ್ಕ ಸ್ಕ್ರೀನಿನಲ್ಲಿ ಕಾಣುವುದಿಲ್ಲ. ಚಿತ್ರಕ್ಕೆ ಸೆಕೆಂಡಿಗೆ 700 ಕಿಲೋಬಿಟ್, ಧ್ವನಿಗೆ 96 ಕೊಟ್ಟರೂ ಎರಡು ಗಂಟೆಯ ಸಿನಿಮಾ 720 ಎಂಬಿ ಒಳಗೇ ಮುಗಿಯುತ್ತದೆ. ಕಾರ್ಡ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲಿಗೆ ಇರುವ 4 ಜಿಬಿ ಮಿತಿಯ ಚಿಂತೆಯೂ ತಪ್ಪಿತು. ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನು ಮಾತ್ರ ಮುಟ್ಟಬೇಡಿ, ಮೂಲದಲ್ಲಿ 23.976 ಇದ್ದರೆ ಹಾಗೇ ಬಿಡಿ. ದುಂಡು ಅಂಕಿ ಚೆಂದ ಅಂತ 24 ಅಂದುಕೊಂಡರೆ ಏನಾಗುತ್ತದೆ ಅಂತ ಮೇಲೆ ಓದಿದ್ದೀರಿ.

ಧ್ವನಿಯನ್ನು 5.1ರಿಂದ, ಅಂದರೆ ಆರು ಚಾನೆಲಿನಿಂದ, ಎರಡಕ್ಕೆ ಇಳಿಸುವಾಗ ಜಾಗ್ರತೆ. ಮಾತು ಸಾಮಾನ್ಯವಾಗಿ ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಹಾಗೇ ಸ್ಟೀರಿಯೊಗೆ ಬೆರೆಸಿದರೆ ಹಿನ್ನೆಲೆ ಸಂಗೀತ ಅಬ್ಬರಿಸುತ್ತದೆ, ಮಾತು ಪಿಸುಗುಟ್ಟುತ್ತದೆ. ನಡುವಿನದನ್ನು ಸ್ವಲ್ಪ ಏರಿಸಿ. ಒಂದೇ ಸ್ಪೀಕರ್ ಇದ್ದು ಹೆಡ್‌ಫೋನ್ ಹಾಕುವುದೇ ಇಲ್ಲ ಅಂದರೆ ಮೋನೊ ಮಾಡಿಬಿಡಿ. ಸಬ್‌ಟೈಟಲ್ ಬೇಕಿದ್ದರೆ ಕನ್ವರ್ಟ್ ಮಾಡುವಾಗಲೇ ದೊಡ್ಡ ಅಕ್ಷರದಲ್ಲಿ ಚಿತ್ರದ ಮೇಲೆ ಅಚ್ಚೊತ್ತಿ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಎಕ್ಸ್264 ಸುಮ್ಮನೆ ಬಿಟ್ಟರೆ 250 ಫ್ರೇಮಿನವರೆಗೂ ಒಂದೇ ಒಂದು ಕೀಫ್ರೇಮ್ (ಬೇರೆ ಫ್ರೇಮಿನ ಹಂಗಿಲ್ಲದ ಪೂರ್ತಿ ಚಿತ್ರ, ಹಾರಿದಾಗ ಬಿಡಿಸಲು ಶುರು ಮಾಡುವುದು ಅಲ್ಲಿಂದಲೇ) ಇಡಬಹುದು. ಅಂದರೆ ಹತ್ತು ಸೆಕೆಂಡಿಗೆ ಒಂದು. ಒಂದು ಮಾತು ಕೇಳಿಸಲಿಲ್ಲ ಅಂತ ಐದು ಸೆಕೆಂಡ್ ಹಿಂದಕ್ಕೆ ಬಟನ್ ಒತ್ತಿದರೆ ಎಲ್ಲೆಲ್ಲೋ ಹೋಗಿ ಬೀಳುತ್ತದೆ, ಇಲ್ಲ ಗಪ್ ಅಂತ ನಿಂತುಬಿಡುತ್ತದೆ. ಕೀಇಂಟ್ ಅನ್ನುವ ಆಯ್ಕೆಯನ್ನು 48 ಅಂತ ಇಡಿ, ಎರಡು ಸೆಕೆಂಡಿಗೊಂದು ಕೀಫ್ರೇಮ್ ಬರುತ್ತದೆ. ಸಾಧನ ಚುರುಕಾಯಿತು ಅಂತ ನಿಮಗೆ ಅನ್ನಿಸುವುದು ಇದರಿಂದಲೇ.

ಹಾರ್ಡ್‌ವೇರ್ ಡಿಕೋಡರ್ ಆನ್ ಮಾಡಲು ಆಗಲ್ವಾ ಅಂತ ಕೇಳಬಹುದು. ಚಿಪ್ಪಿನಲ್ಲಿ ಇದ್ದರೂ ಫರ್ಮ್‌ವೇರಿನಲ್ಲಿ ಅದರ ಡ್ರೈವರ್ ಇರಬೇಕು, ಪ್ಲೇಯರಿಗೆ ಅದನ್ನು ಮಾತಾಡಿಸಲು ಬರಬೇಕು. ಮೂರೂ ಕೂಡಿ ಬಂದಿದ್ದರೆ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. 360 ಸಾಲಿನ ವಿಡಿಯೊಗೆ ಅದರ ಅಗತ್ಯವೂ ಇಲ್ಲ.

ಪರೀಕ್ಷೆ ಮಾಡುವಾಗ ಸಿನಿಮಾದ ಕೊನೆಗೆ ಹಾರಿ ನೋಡಿ ಎಲ್ಲ ಸರಿ ಇದೆ ಅನ್ನಬೇಡಿ. ಹಾರಿದಾಗ ಪ್ಲೇಯರ್ ಚಿತ್ರ, ಧ್ವನಿ ಎರಡನ್ನೂ ಹೊಸದಾಗಿ ಜೋಡಿಸುತ್ತದೆ, ತಪ್ಪಿದ್ದರೂ ಮುಚ್ಚಿಹೋಗುತ್ತದೆ. ಮೊದಲಿನಿಂದ ಓಡಲು ಬಿಟ್ಟು, ಒಂದು ಗಂಟೆ ಆದ ಮೇಲೆ ಬಂದು ಯಾರದಾದರೂ ತುಟಿ ನೋಡಿ.

ಇಷ್ಟಾದ ಮೇಲೂ ಕೈ ತುರಿಸುತ್ತಿದ್ದರೆ ಡಿಕೋಡರ್ ಬಿಟ್ಟು ಅದರ ಸುತ್ತಲಿನದನ್ನು ಬರೆಯಿರಿ. ಕಷ್ಟ ಇರುವುದೂ ಅಲ್ಲೇ. ಎಂಪಿವಿಗೆ ಹೊರಗಿನಿಂದ ಆಜ್ಞೆ ಕಳಿಸಲು ಸಾಕೆಟ್ ದಾರಿ ಇದೆ, ನಿಲ್ಲಿಸಿದ ಜಾಗ ನೆನಪಿಡುವ ಆಯ್ಕೆಯೂ ಇದೆ. ನಿಮ್ಮ ಬಟನ್‌ಗಳಿಗೆ ಹೊಂದುವ ಒಂದು ಚಿಕ್ಕ ಮೆನು, ಭುಜದ ಬಟನ್ ಒತ್ತಿದರೆ ಹಿಂದೆ ಮುಂದೆ, ಮತ್ತೆ ತೆರೆದರೆ ಬಿಟ್ಟಲ್ಲಿಂದ ಶುರು. ಬಟನ್ ಒತ್ತದೆ ಕೆಲವು ನಿಮಿಷ ಆದರೆ ಸ್ಕ್ರೀನ್ ಆರಿಸುವ ಟೈಮರ್ ಇದ್ದರೆ ಸಿನಿಮಾ ಓಡುವಾಗ ಅದನ್ನು ತಡೆಯಿರಿ, ಇಲ್ಲದಿದ್ದರೆ ಸರಿಯಾಗಿ ಕೊಲೆಗಾರ ಯಾರು ಅಂತ ಹೇಳುವಾಗಲೇ ಕತ್ತಲಾಗುತ್ತದೆ. ಪವರ್ ಬಟನ್ ಒತ್ತಿದಾಗ ಮೊದಲು ಸಿನಿಮಾ ನಿಲ್ಲಿಸುವುದು, ಆಮೇಲೆ ಜಾಗ ಬರೆದಿಡುವುದು, ಕೊನೆಗೆ ಸ್ಲೀಪ್. ಈ ಕ್ರಮ ಹಿಂದುಮುಂದಾದರೆ ಎದ್ದಾಗ ಚಿತ್ರ ಇರುತ್ತದೆ, ಧ್ವನಿ ಇರುವುದಿಲ್ಲ, ನೀವು ಮತ್ತೆ ಇಲ್ಲಿ ಬಂದು ಪ್ಲೇಯರ್ ಬದಲಿಸಲಾ ಅಂತ ಕೇಳುತ್ತೀರಿ.