ಒಂದು ಕಾಲಿನ ಬೂಟು: ಒಂದು ಆಪ್ತಸಲಹೆ ಪ್ರಕರಣ

ಆಕೆಗೆ 26 ವರ್ಷ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯೋಕೆ ಆಕೆಯ ಒಪ್ಪಿಗೆ ಇದೆ.) ಬಂದದ್ದು ನಿದ್ದೆ ಬರಲ್ಲ ಅಂತ. ಎರಡನೇ ಸಲ ಬಂದಾಗ ಚೀಲದಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದರು. ದಿನಕ್ಕೊಂದು ಸಾಲು, ಕೊನೆಗೊಂದು ಗುರುತು: ಸರಿ ಇಲ್ಲವೇ ತಪ್ಪು. ಏನಿದು ಅಂತ ಕೇಳಿದೆ. "ಇವತ್ತು ನಾನು ಬದುಕಿದ್ದು ಅಣ್ಣನ ಸಾವಿಗೆ ಸಮ ಆಯ್ತಾ ಇಲ್ವಾ ಅಂತ" ಅಂದರು. ಪುಟ ತಿರುವಿದೆ. ತಪ್ಪುಗಳೇ ಜಾಸ್ತಿ.

17ನೇ ವಯಸ್ಸಿನಲ್ಲಿ ಆಕೆ ನದಿಯಲ್ಲಿ ಕಾಲು ಜಾರಿ ಸೆಳೆತಕ್ಕೆ ಸಿಕ್ಕಿದ್ದರು. ಅಣ್ಣ ಹಾರಿದ, ತಂಗಿಯನ್ನು ಬಂಡೆಯ ಕಡೆ ತಳ್ಳಿದ, ತಾನು ಮೇಲೆ ಬರಲಿಲ್ಲ. ಮಣ್ಣು ಮಾಡಿದ ದಿನ ಪಾಸ್ಟರ್ ಪ್ರಸಂಗದಲ್ಲಿ, ಯೇಸು ಸ್ವಾಮಿ ನಮಗಾಗಿ ಪ್ರಾಣ ಕೊಟ್ಟ ಹಾಗೆ ಈ ಅಣ್ಣ ತಂಗಿಗಾಗಿ ಕೊಟ್ಟಿದ್ದಾನೆ, ಇದು ದೇವರ ಯೋಜನೆ, ಈಕೆಯಿಂದ ಏನೋ ದೊಡ್ಡದು ಆಗಬೇಕಿದೆ ಅಂದರಂತೆ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಆ ಹುಡುಗಿಯ ಕಿವಿಗೆ ಬಿದ್ದದ್ದು ಬೇರೆ. ನನ್ನನ್ನು ಉಳಿಸೋಕೆ ದೇವರು ಅಣ್ಣನನ್ನು ತೆಗೆದುಕೊಂಡ, ಇನ್ನು ನಾನು ಅಷ್ಟು ಬೆಲೆ ಬಾಳಬೇಕು. ಒಂಬತ್ತು ವರ್ಷದಿಂದ ಇದೇ ಲೆಕ್ಕ.

"ಅಣ್ಣನ ಬದಲು ನಾನು ಹೋಗಬೇಕಿತ್ತು" ಅಂತ ಮೂರು ಸಲ ಅಂದರು. ಇಂಥ ಮಾತನ್ನು ಕೇಳಿ ಸುಮ್ನೆ ದಾಟಬಾರದು. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತೆ ಅನ್ನೋದು ತಪ್ಪು ಕಲ್ಪನೆ. ಬರುತ್ತೆ, ಆದರೆ ಏನೂ ಮಾಡಿಕೊಳ್ಳಲ್ಲ ಅಂದರು. ರಾತ್ರಿ ಹೊತ್ತು ಅದು ಜೋರಾದರೆ ಯಾರಿಗೆ ಫೋನ್ ಮಾಡೋದು ಅಂತ ಇಬ್ಬರೂ ಕೂತು ಬರೆದಿಟ್ಟೆವು. ನಿದ್ದೆಗೆ ವೈದ್ಯರನ್ನೂ ಕಾಣಿಸಿದೆ. ಧರ್ಮದ ಮಾತು ಆಮೇಲೆ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಕೂಡಿ ಒಳ್ಳೆಯದಕ್ಕೇ ಆಗುತ್ತೆ ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದದ್ದನ್ನು ಎತ್ತಿದೆ. ನಡೆದದ್ದೆಲ್ಲ ಒಳ್ಳೆಯದು ಅಂತ ಅವನು ಹೇಳಿಲ್ಲ, ಅದನ್ನು ವಿವರಿಸೋಣ ಅಂತಿದ್ದೆ. ಅಷ್ಟರಲ್ಲೇ ಆಕೆ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಬಿಟ್ಟರು. ಈ ವಚನದಿಂದಲೇ ಎಷ್ಟೋ ಜನ ಆಕೆಯ ಬಾಯಿ ಮುಚ್ಚಿಸಿದ್ದರಂತೆ. ಆವತ್ತು ಮತ್ತೇನೂ ಮಾತಾಡಲಿಲ್ಲ.

ಮುಂದಿನ ಸಲ ವಚನ ಬಿಟ್ಟು ಆ ದಿನದ ಬಗ್ಗೆ ಕೇಳಿದೆ. ದಡದಲ್ಲಿ ಏನಿತ್ತು? ತುಂಬ ಹೊತ್ತಿನ ಮೇಲೆ "ಒಂದು ಬೂಟು" ಅಂದರು. ಎಡಗಾಲಿನದು, ಲೇಸ್ ಬಿಚ್ಚಿತ್ತು. ಇನ್ನೊಂದು ಕಾಲಿನಲ್ಲೇ ಇತ್ತು, ಅದನ್ನು ಬಿಚ್ಚುವಷ್ಟು ಹೊತ್ತು ಸಿಕ್ಕಿರಲಿಲ್ಲ. ನಾನು ಕೇಳಿದೆ: ಸಾಯೋಕೆ ಹೊರಟವನು ಬೂಟು ಬಿಚ್ಚುತ್ತಾನಾ? ಆಕೆ ನನ್ನ ಮುಖ ನೋಡಿದರು. ಈಜಿ ವಾಪಸ್ ಬರಬೇಕು ಅನ್ನುವವನು ಬಿಚ್ಚುತ್ತಾನೆ, ಅಲ್ವಾ. ಅವನು ನಿಮ್ಮ ಬದಲಿಗೆ ಸಾಯೋಕೆ ಹಾರಲಿಲ್ಲ. ನಿಮ್ಮನ್ನು ಕರೆದುಕೊಂಡು ಮನೆಗೆ ಬರೋಕೆ ಹಾರಿದ.

ಇದು ದೇವಶಾಸ್ತ್ರದಲ್ಲೂ ಸಣ್ಣ ವಿಷಯ ಏನಲ್ಲ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅಂತ ಯೇಸು ಹೇಳುವುದು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಬೆವೆತು, ಈ ಸಂಕಟದ ಪಾತ್ರೆ ದಾಟಿಹೋಗಲಿ ಅಂತ ಬೇಡಿ, ಆಮೇಲೆ ಗೊತ್ತಿದ್ದೇ ಮುಂದೆ ನಡೆದ. ಅಣ್ಣ ಹಾರಿದ್ದು ಹಾಗಲ್ಲ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರ ಯೇಸುವಿನ ಆ ಬಲಿ ಒಂದೇ ಸಲ, ಎಲ್ಲರಿಗೂ ಸಾಕಾಗುವಷ್ಟು ಆಯ್ತು ಅಂತ ಮತ್ತೆ ಮತ್ತೆ ಒತ್ತಿ ಹೇಳುತ್ತೆ. ಹಾಗಾದರೆ ನಿಮಗೋಸ್ಕರ ಇನ್ನೊಂದು ಬಲಿ ಬೇಕು ಅಂತ ದೇವರು ಯಾಕೆ ಕೇಳ್ತಾನೆ? ಆಕೆ ನಂಬುವ ಶಿಲುಬೆಯೇ ಆಕೆಯ ಲೆಕ್ಕದ ಪುಸ್ತಕಕ್ಕೆ ಅಡ್ಡ ನಿಂತಿತ್ತು. ನಾನು ಹೊರಗಿನಿಂದ ಏನೂ ತರಬೇಕಾಗಲಿಲ್ಲ.

"ಸರಿ, ಆದರೆ ದೇವರ ಚಿತ್ತ ಇಲ್ಲದೆ ಗುಬ್ಬಿಯೂ ನೆಲಕ್ಕೆ ಬೀಳಲ್ಲ ಅಲ್ವಾ?" ಅಂದರು. ಚುರುಕಾದ ಪ್ರಶ್ನೆ. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ ಅಂತಲೇ ಹೇಳಿದೆ. ಲೂಕನ ಸುವಾರ್ತೆಯ 13ನೇ ಅಧ್ಯಾಯ ಓದೋಕೆ ಹೇಳಿದೆ. ಯೆರೂಸಲೇಮಿನ ಸಿಲೊವಾದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಬೇರೆಯವರಿಗಿಂತ ಹೆಚ್ಚು ಪಾಪಿಗಳಾಗಿದ್ದರಾ ಅಂತ ಕೇಳಿ, ಇಲ್ಲ ಅಂತ ಯೇಸುವೇ ಉತ್ತರ ಕೊಡುತ್ತಾನೆ. ಆ 18 ಜನ ಯಾಕೆ ಸತ್ತರು ಅಂತ ಮಾತ್ರ ಅಲ್ಲಿ ಹೇಳುವುದಿಲ್ಲ. ಅವನೇ ಬಿಟ್ಟ ಜಾಗವನ್ನು ನಾವು ಅವಸರದಲ್ಲಿ ತುಂಬೋದು ಯಾಕೆ? ನನಗಂತೂ ಸಾವಿನ ಮನೆಯಲ್ಲಿ ದೇವರ ಯೋಜನೆಯನ್ನು ಬಿಡಿಸಿ ಹೇಳುವವರ ಮೇಲೆ ಸಿಟ್ಟು ಬರುತ್ತೆ. ತನ್ನ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ. ಸ್ವಲ್ಪ ಹೊತ್ತಿನಲ್ಲಿ ಅವನನ್ನು ಸಾವಿನಿಂದ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ.

ಮ್ಯಾಕ್ಸಿಮಿಲಿಯನ್ ಕೋಲ್ಬೆ ಬಗ್ಗೆಯೂ ಹೇಳಿದೆ. 1941ರಲ್ಲಿ ನಾಜಿಗಳ ಆಶ್ವಿಟ್ಸ್ ಸೆರೆ ಶಿಬಿರದಿಂದ ಒಬ್ಬ ತಪ್ಪಿಸಿಕೊಂಡ ಅಂತ ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲೋಕೆ ಆರಿಸಿದರು. ಅದರಲ್ಲಿ ಒಬ್ಬ ಹೆಂಡತಿ ಮಕ್ಕಳನ್ನು ನೆನೆದು ಅತ್ತಾಗ, ಅಲ್ಲೇ ಕೈದಿಯಾಗಿದ್ದ ಪೋಲೆಂಡಿನ ಪಾದ್ರಿ ಕೋಲ್ಬೆ ಅವನ ಜಾಗಕ್ಕೆ ತಾನು ಹೋದ. ಉಳಿದುಕೊಂಡ ಆ ಫ್ರಾಂಚಿಶೆಕ್ ಗಯೋವ್ನಿಚೆಕ್ 1995ರವರೆಗೆ ಬದುಕಿದ್ದ. 1982ರಲ್ಲಿ ಕೋಲ್ಬೆಯನ್ನು ಸಂತ ಅಂತ ಘೋಷಿಸಿದಾಗ ರೋಮಿನಲ್ಲಿ ಹಾಜರಿದ್ದ. ಅವನು ದೊಡ್ಡದೇನೂ ಸಾಧಿಸಲಿಲ್ಲ, ಕೋಲ್ಬೆ ಎಂಥವನು ಅಂತ ಕೇಳಿದವರಿಗೆಲ್ಲ ಹೇಳಿಕೊಂಡು ಬಂದ. "ಅಷ್ಟೇನಾ?" ಅಂದರು ಆಕೆ. ಅಷ್ಟೇ.

ಸಲಹೆ ಅಂತ ಕೊಟ್ಟದ್ದು ಕಡಿಮೆ. ಸರಿ ತಪ್ಪು ಗುರುತು ಹಾಕೋದು ಒಂದು ತಿಂಗಳು ನಿಲ್ಲಿಸಿ. ಅದೇ ನೋಟ್‌ಬುಕ್ಕಿನಲ್ಲಿ ಅಣ್ಣ ಹೇಗಿದ್ದ ಅಂತ ಬರೆಯಿರಿ, ಸತ್ತ ದಿನದ್ದು ಬೇಡ. ದೇವರ ಮೇಲೆ ಸಿಟ್ಟಿದ್ದರೆ ಅವನಿಗೇ ಹೇಳಿ, 88ನೇ ಕೀರ್ತನೆ ಓದಿ, ಅದು ಕತ್ತಲಲ್ಲೇ ಮುಗಿಯುತ್ತೆ, ಆದರೂ ಬೈಬಲಿನಲ್ಲಿದೆ. ಅಮ್ಮನ ಹತ್ತಿರ ಒಂದು ಸಲ ಅಣ್ಣನ ಹೆಸರೆತ್ತಿ. ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಅಮ್ಮನ ಹತ್ತಿರ ಮಾತು ಇನ್ನೂ ಸರಿಯಾಗಿ ಆಗಿಲ್ಲ. ನಿದ್ದೆ ಸ್ವಲ್ಪ ವಾಸಿ. ಕಳೆದ ಸಲ ನೋಟ್‌ಬುಕ್ ತಂದಿದ್ದರು. ಹನ್ನೊಂದು ದಿನ ಖಾಲಿ ಬಿಟ್ಟು ಆಮೇಲೆ ಎರಡು ಸಾಲು ಬರೆದಿದ್ದರು: "ಅಣ್ಣನಿಗೆ ಅಷ್ಟೇನೂ ಈಜು ಬರ್ತಿರಲಿಲ್ಲ. ಬರುತ್ತೆ ಅಂತ ಎಲ್ಲರ ಮುಂದೆ ಕೊಚ್ಚಿಕೊಳ್ತಿದ್ದ." ಓದಿ ಹೇಳುತ್ತಾ ಆಕೆಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು, ನಗಬಹುದಾ ಅನ್ನುವ ಹಾಗೆ ನನ್ನ ಕಡೆ ನೋಡಿದರು.