ಪೆಲೆಟ್ ಫರ್ನೇಸ್ ನಡುರಾತ್ರಿ ತಾನಾಗಿ ಆರುತ್ತಿದ್ದರೆ ಮೊದಲು ಎಲ್ಲಿ ಕೈಹಾಕಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಟೆಕ್ಸಾಸಿನಿಂದ ನ್ಯೂ ಹ್ಯಾಂಪ್‌ಷೈರಿಗೆ ಬಂದು ಹಳೆಯ ಮನೆ ಕೊಂಡಿದ್ದೀರಿ. ಬೇಸ್‌ಮೆಂಟಿನಲ್ಲಿ ಪೆಲೆಟ್ ಫರ್ನೇಸ್, ಅಂದರೆ ಒತ್ತಿ ಅಚ್ಚು ಮಾಡಿದ ಮರದ ಹೊಟ್ಟನ್ನು ಸುಟ್ಟು ಮನೆ ಬೆಚ್ಚಗಿಡುವ ಯಂತ್ರ ಇದೆ. ಅದರ ಉರಿ ಮಂಕಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಬಾಗಿಲಿನ ಗಾಜು ಒಂದೇ ದಿನದಲ್ಲಿ ಕಪ್ಪಾಗುತ್ತದೆ, ನಡುರಾತ್ರಿ ಯಂತ್ರ ತಾನಾಗಿ ನಿಂತುಬಿಡುತ್ತದೆ. ದುರಸ್ತಿಯವರು ಬರಲು ಇನ್ನೂ ಮೂರು ವಾರ ಬೇಕು. ಅಷ್ಟರಲ್ಲಿ ನೀವೇ ಏನು ಮಾಡಬಹುದು, ಬೂದಿಯನ್ನು ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು, ಆ ಬೂದಿಯನ್ನು ತೋಟಕ್ಕೆ ಹಾಕಬಹುದೇ ಎಂದು ಕೇಳಿದ್ದೀರಿ. ನಾನು ಇದೇ ರಾಜ್ಯದ ನ್ಯಾಷುವಾ ಊರಿನ ಬಳಿ ಇಂಥದ್ದೇ ಫರ್ನೇಸ್ ಇಟ್ಟುಕೊಂಡು ಹಲವು ಚಳಿಗಾಲ ಕಳೆದವನು. ತಿಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ನೀವು ಹೇಳಿರುವ ಮೂರೂ ಲಕ್ಷಣಗಳ ಬೇರು ಬಹುಮಟ್ಟಿಗೆ ಒಂದೇ. ಉರಿಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ. ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿ ಮೋಟಾರು, ಸರ್ಕ್ಯೂಟ್ ಬೋರ್ಡು ಎಂದು ಖರ್ಚಿಗೆ ಇಳಿಯುವ ಮೊದಲು ಗಾಳಿ ಒಳಬಂದು ಹೊರಹೋಗುವ ದಾರಿಯನ್ನು ಆದಿಯಿಂದ ಅಂತ್ಯದವರೆಗೆ ಶುಚಿ ಮಾಡಿ. ಹೆಚ್ಚಿನ ತೊಂದರೆಗಳು ಅಲ್ಲೇ ಮುಗಿಯುತ್ತವೆ.

ಊರಿನಲ್ಲಿ ಹೊಟ್ಟಿನ ಒಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗಿಡಿದು, ಬಾಟಲಿಯನ್ನು ಮೇಲೆಳೆದರೆ ಉಳಿಯುವ ತೂತೇ ಆ ಒಲೆಯ ಜೀವ. ಹೊಟ್ಟು ಕುಸಿದು ತೂತು ಮುಚ್ಚಿತೋ, ಮನೆಯೆಲ್ಲ ಹೊಗೆ. ಪೆಲೆಟ್ ಎಂದರೂ ಅದೇ ಹೊಟ್ಟು, ಒತ್ತಡದಲ್ಲಿ ಸುಮಾರು 6 ಮಿಲಿಮೀಟರ್ ದಪ್ಪದ ಕಡ್ಡಿಯಂತೆ ಅಚ್ಚಾಗಿ ಬಂದಿರುತ್ತದೆ. ಅಂಟು ಹಾಕುವ ಅಗತ್ಯವಿಲ್ಲ, ಮರದಲ್ಲೇ ಇರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ವ್ಯತ್ಯಾಸವಿಷ್ಟೇ: ಫರ್ನೇಸಿನಲ್ಲಿ ಗಾಳಿಯನ್ನು ಫ್ಯಾನು ಎಳೆಯುತ್ತದೆ.

ಹಾಪರ್ ಎಂಬ ತೊಟ್ಟಿಯಲ್ಲಿ ತುಂಬಿದ ಪೆಲೆಟ್‌ಗಳನ್ನು ಆಗರ್ ಎಂಬ ತಿರುಪು ಸ್ವಲ್ಪಸ್ವಲ್ಪವಾಗಿ ಬರ್ನ್ ಪಾಟ್‌ಗೆ, ಅಂದರೆ ಬೆಂಕಿ ಉರಿಯುವ ತೂತಿನ ಪಾತ್ರೆಗೆ, ಬೀಳಿಸುತ್ತದೆ. ಹೊಗೆಯನ್ನು ಹೊರಗೆ ತಳ್ಳುವ ಫ್ಯಾನು ಒಳಗಿನ ಒತ್ತಡವನ್ನು ತಗ್ಗಿಸುವುದರಿಂದ, ಗಾಳಿ ಬರ್ನ್ ಪಾಟ್‌ನ ತೂತುಗಳ ಮೂಲಕ ನುಗ್ಗಿ ಬೆಂಕಿಗೆ ಒದಗುತ್ತದೆ. ಬಿಸಿ ಹೊಗೆ ಹೀಟ್ ಎಕ್ಸ್‌ಚೇಂಜರ್ ಎಂಬ, ಶಾಖ ದಾಟಿಸುವ ಕೊಳವೆಗಳನ್ನು ಹಾದು ಹೊರಗೆ ಹೋಗುತ್ತದೆ. ಇನ್ನೊಂದು ಬ್ಲೋವರ್ ಅದರ ಆಚೆ ಮಗ್ಗುಲಿನಿಂದ ಮನೆಯ ಗಾಳಿಯನ್ನು ಹಾಯಿಸಿ, ಬಿಸಿ ಮಾಡಿ, ಡಕ್ಟ್‌ಗಳ ಮೂಲಕ ಕೋಣೆಗಳಿಗೆ ಕಳಿಸುತ್ತದೆ. ಇದರ ಜೊತೆಗೆ ಒಂದು ಪುಟ್ಟ ಪ್ರೆಶರ್ ಸ್ವಿಚ್ ಇರುತ್ತದೆ. ಫ್ಯಾನಿನ ಗಾಳಿಯ ಎಳೆತ ಸಾಲದು ಎಂದು ಅದಕ್ಕೆ ತಿಳಿದ ಕೂಡಲೇ ಪೆಲೆಟ್ ಬೀಳುವುದು ನಿಲ್ಲುತ್ತದೆ, ಬೆಂಕಿ ಆರುತ್ತದೆ. ನಡುರಾತ್ರಿ ನಿಮ್ಮ ಯಂತ್ರ ನಿಲ್ಲುತ್ತಿರುವುದು ಬಹುಶಃ ಹೀಗೆ, ಅಂದರೆ ಅದು ನಿಮ್ಮನ್ನು ಕಾಪಾಡುತ್ತಿದೆ. ಆ ಸ್ವಿಚ್ಚಿನ ಎರಡು ವೈರುಗಳನ್ನು ಸೇರಿಸಿಬಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹಾಗೆ ಮಾಡಿದರೆ ಎಳೆತವಿಲ್ಲದಿದ್ದರೂ ಬೆಂಕಿಗೆ ಪೆಲೆಟ್ ಬೀಳುತ್ತಲೇ ಇರುತ್ತದೆ, ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ಮನೆಯೊಳಗೆ ಬರುತ್ತವೆ.

ಈಗ ಕೆಲಸಕ್ಕೆ ಬರೋಣ. ಫರ್ನೇಸನ್ನು ಕ್ರಮವಾಗಿ ಆರಿಸಿ, ಫ್ಯಾನು ತಾನಾಗಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಪ್ಲಗ್ ತೆಗೆಯಿರಿ, ನೇರ ವೈರಿಂಗ್ ಆಗಿದ್ದರೆ ಬ್ರೇಕರ್ ಇಳಿಸಿ. ಉರಿಯುತ್ತಿರುವಾಗಲೇ ಪ್ಲಗ್ ಕಿತ್ತರೆ ಒಳಗಿನ ಹೊಗೆಗೆ ಹೊರದಾರಿ ಇರುವುದಿಲ್ಲ. ಪೂರ್ತಿ ತಣ್ಣಗಾಗಲು ಹಲವು ಗಂಟೆ ಬೇಕು. ಕೈಯನ್ನು ಒಳಗೋಡೆಗೆ ಒತ್ತಿ ಹಿಡಿಯಲು ಆಗುವಷ್ಟು ತಣಿದಿರಬೇಕು. ಮುಖಕ್ಕೆ ಎನ್95 ಮಾಸ್ಕ್, ಕೈಗೆ ಗವಸು. ಈ ಬೂದಿ ಗಂಧದ ಪುಡಿಗಿಂತ ನಯ, ಉಸಿರಿನಲ್ಲಿ ಹೋದರೆ ಗಂಟಲು ಉರಿಯುತ್ತದೆ.

ಬರ್ನ್ ಪಾಟ್ ಹೊರತೆಗೆದು ಬಲ್ಬಿನ ಎದುರು ಹಿಡಿದು ನೋಡಿ. ಪ್ರತಿಯೊಂದು ತೂತಿನಿಂದಲೂ ಬೆಳಕು ಕಾಣಬೇಕು. ನಿಮ್ಮದರಲ್ಲಿ ಅರ್ಧಕ್ಕರ್ಧ ಮುಚ್ಚಿರುತ್ತವೆ ಎಂಬುದು ನನ್ನ ಊಹೆ. ತಳದಲ್ಲಿ ಬೂದು ಮಿಶ್ರಿತ ಕಂದು ಬಣ್ಣದ, ಕೆಲವೆಡೆ ಗಾಜಿನಂತೆ ಹೊಳೆಯುವ ಗಟ್ಟಿ ಹೆಪ್ಪು ಕೂತಿರುತ್ತದೆ. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಹೆಂಚಿನ ಚೂರಿನಂತೆ ಟಣ್ ಎನ್ನುತ್ತದೆ. ಅದು ಕಿಟ್ಟ, ಇಲ್ಲಿಯವರ ಮಾತಿನಲ್ಲಿ ಕ್ಲಿಂಕರ್. ಮರದ ತೊಗಟೆಯ ಜೊತೆ ಸೇರಿಬಂದ ಮರಳು, ಮಣ್ಣು, ಖನಿಜಗಳು ಕಡುಬಿಸಿಗೆ ಕರಗಿ ಹೆಪ್ಪುಗಟ್ಟಿ ಹಾಗಾಗುತ್ತದೆ. ಅದನ್ನು ಗೀರಿ ಕಿತ್ತು, ಪ್ರತಿ ತೂತನ್ನೂ ಅದರ ಅಳತೆಗೆ ಸರಿಹೊಂದುವ ಮೊಳೆ ಅಥವಾ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ಬಿಡಿಸಿ. ಬಿಟ್ಟನ್ನು ಡ್ರಿಲ್ ಯಂತ್ರಕ್ಕೆ ಹಾಕಿ ತಿರುಗಿಸಿದರೆ ತೂತು ಅಗಲವಾಗಿ ಗಾಳಿಯ ಲೆಕ್ಕವೇ ತಪ್ಪುತ್ತದೆ. ಬೆಂಕಿ ಹೊತ್ತಿಸುವ ಇಗ್ನೈಟರ್ ಕಡ್ಡಿಯ ಸುತ್ತಲಿನ ಸಂದನ್ನೂ ಮರೆಯಬೇಡಿ. ಪಾಟ್ ಕೂರುವ ಜಾಗದ ಕೆಳಗೆ, ಗಾಳಿ ಬರುವ ಗೂಡಿನಲ್ಲಿ, ತೂತುಗಳಿಂದ ಉದುರಿದ ಬೂದಿ ತುಂಬಿರುತ್ತದೆ. ಮೇಲೆ ಎಷ್ಟು ಉಜ್ಜಿದರೂ ಆ ಗೂಡು ಕಟ್ಟಿಕೊಂಡಿದ್ದರೆ ಉರಿ ಚುರುಕಾಗುವುದಿಲ್ಲ. ಮತ್ತೆ ಕೂರಿಸುವಾಗ ಪಾಟ್ ಅಲುಗಾಡದೆ ಸಮನಾಗಿ ಕುಳಿತಿರಬೇಕು. ಅಂಚಿನಲ್ಲಿ ಸಂದಿದ್ದರೆ ಗಾಳಿ ತೂತುಗಳನ್ನು ಬಿಟ್ಟು ಅಲ್ಲಿಂದಲೇ ನುಸುಳುತ್ತದೆ.

ಮುಂದೆ ಹೀಟ್ ಎಕ್ಸ್‌ಚೇಂಜರ್. ಕೊಳವೆಗಳನ್ನು ಕೆರೆಯುವ ಎಳೆಕಡ್ಡಿ ಹಲವು ಮಾದರಿಗಳಲ್ಲಿ ಹೊರಗೇ ಇರುತ್ತದೆ. ಇಲ್ಲದಿದ್ದರೆ ಉದ್ದ ಬ್ರಷ್ ಬೇಕು. ಕೊಳವೆಯ ಮೇಲೆ ತೆಳ್ಳಗೆ ಬೂದಿ ಕೂತರೂ ಅದು ಶಾಖವನ್ನು ತಡೆಯುತ್ತದೆ. ನೀವು ದುಡ್ಡು ಕೊಟ್ಟು ತಂದ ಬಿಸಿ ಹೊಗೆಯ ಜೊತೆ ಬೀದಿ ಸೇರುತ್ತದೆ. ಉರಿಗೂಡಿನ ಹಿಂದಿನ ಮತ್ತು ಪಕ್ಕದ ತಗಡುಗಳನ್ನು ಬಿಚ್ಚುವಂತಿದ್ದರೆ ಬಿಚ್ಚಿ, ಇಲ್ಲವಾದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹಿಂದಿನ ಮನೆಯವರು ಈ ತಗಡುಗಳ ಹಿಂದೆ ಕೈಹಾಕಿರುವುದೇ ಅಪರೂಪ. ಹಳೆಯ ಮನೆಯ ಫರ್ನೇಸಿನಲ್ಲಿ ನಾನು ಮೊದಲು ಅನುಮಾನಿಸುವ ಜಾಗ ಇದು. ಅಲ್ಲಿಂದ ಹೊಗೆ ಫ್ಯಾನಿನವರೆಗಿನ ದಾರಿ, ಫ್ಯಾನಿನ ರೆಕ್ಕೆಗಳು, ಹೊಗೆಕೊಳವೆ ತಿರುಗುವಲ್ಲಿರುವ ಟಿ ಆಕಾರದ ತುಂಡಿನ ಮುಚ್ಚಳ, ಹೊರಗೋಡೆಯ ಬಾಯಿ, ಹೀಗೆ ಸಾಗಿರಿ. ಫ್ಯಾನನ್ನು ಕಳಚಿದರೆ ಅದರ ಗ್ಯಾಸ್ಕೆಟ್ (ಸಂದಿನಲ್ಲಿ ಗಾಳಿ ಸೋರದಂತೆ ತಡೆಯುವ ಪಟ್ಟಿ) ಹೊಸದು ಹಾಕಬೇಕಾಗುತ್ತದೆ, ಮೊದಲೇ ತಂದಿಟ್ಟುಕೊಳ್ಳಿ. ಹೊರಗಿನ ಬಾಯಿಗೆ ಹಿಮ ಅಡ್ಡ ಬಂದಿದ್ದರೂ ನಿಮಗೆ ಇದೇ ಲಕ್ಷಣಗಳು ಕಾಣುತ್ತವೆ.

ಬಾಗಿಲಿನ ಗ್ಯಾಸ್ಕೆಟ್ ಪರೀಕ್ಷೆ ಸುಲಭ. ಒಂದು ಡಾಲರ್ ನೋಟನ್ನು ಅಡ್ಡವಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಹಗ್ಗದಂಥ ಆ ಗ್ಯಾಸ್ಕೆಟ್ ಸವೆದಿದೆ. ಬಾಗಿಲಿನ ನಾಲ್ಕೂ ಅಂಚು, ಬೂದಿ ತಟ್ಟೆಯ ಬಾಗಿಲು, ಹಾಪರ್ ಮುಚ್ಚಳ, ಎಲ್ಲ ಕಡೆಯೂ ನೋಡಿ. ಗಾಜಿಗೆ ಪೇಟೆಯ ದ್ರಾವಣ ಬೇಕಿಲ್ಲ. ಗಾಜು ತಣ್ಣಗಿರುವಾಗ ಒದ್ದೆ ಕಾಗದವನ್ನು ಅದೇ ನಯವಾದ ಬೂದಿಯಲ್ಲಿ ಅದ್ದಿ ಉಜ್ಜಿದರೆ ಮಸಿ ಬಿಡುತ್ತದೆ. ಬೂದಿಯಲ್ಲಿ ಪಾತ್ರೆ ಬೆಳಗಿದ ಮನೆಗಳಿಂದ ಬಂದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಇಷ್ಟಾದ ಮೇಲೆ ಹೊತ್ತಿಸಿ ನೋಡಿ. ಆರೋಗ್ಯವಂತ ಉರಿ ಗಿಡ್ಡವಾಗಿ, ಹೊಳೆಯುವ ಹಳದಿಯಾಗಿ ಕುಣಿಯುತ್ತದೆ, ಪಾಟ್‌ನಲ್ಲಿ ಕೆಂಡಗಳು ಪುಟಿಯುತ್ತಿರುತ್ತವೆ. ಉದ್ದಕ್ಕೆ ತೂಗಾಡುವ, ತುದಿಯಲ್ಲಿ ಹೊಗೆ ಬಿಡುವ ಕಿತ್ತಳೆ ಉರಿ ಇನ್ನೂ ಗಾಳಿ ಕೇಳುತ್ತಿದೆ ಎಂದರ್ಥ. ಬೂದಿಯೂ ಸಾಕ್ಷಿ ಹೇಳುತ್ತದೆ: ತಿಳಿಬೂದು ಬಣ್ಣದ ಹಗುರ ಪುಡಿಯಾದರೆ ಒಳ್ಳೆಯ ಉರಿ, ಇದ್ದಿಲ ಚೂರು ಬೆರೆತ ಕಪ್ಪಾದರೆ ಪೆಲೆಟ್ ಪೂರ್ತಿ ಸುಡುತ್ತಿಲ್ಲ.

ಬೂದಿಯ ವಿಷಯದಲ್ಲಿ ಮಾತ್ರ ನಾನು ಪಟ್ಟು ಬಿಡುವುದಿಲ್ಲ. ಸತ್ತಂತೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ, ಏಕೆಂದರೆ ಬೂದಿಯೇ ಅದಕ್ಕೆ ಕಂಬಳಿ. ಇಲ್ಲಿಯ ಮನೆಗಳೂ ಮರದವು, ಮನೆಯ ಹಿಂದಿನ ಡೆಕ್ ಎಂಬ ಜಗಲಿ ಕೂಡ ಮರದ್ದು. ಬೂದಿಯನ್ನು ಕಾಗದದ ಚೀಲಕ್ಕಾಗಲಿ, ಪ್ಲಾಸ್ಟಿಕ್ ಕಸದ ಡಬ್ಬಿಗಾಗಲಿ, ರಟ್ಟಿನ ಪೆಟ್ಟಿಗೆಗಾಗಲಿ ಹಾಕಬೇಡಿ. ಬಿಗಿ ಮುಚ್ಚಳದ ಲೋಹದ ಬಕೆಟ್‌ಗೆ ತುಂಬಿ, ಮನೆಯಿಂದ ಕನಿಷ್ಠ 10 ಅಡಿ ದೂರ, ಕಲ್ಲಿನ ಅಥವಾ ಕಾಂಕ್ರೀಟಿನ ನೆಲದ ಮೇಲಿಟ್ಟು, ಹಲವು ದಿನ ಬಿಟ್ಟು ಆಮೇಲೆ ಎಸೆಯಿರಿ. ಡೆಕ್ ಮೇಲೆ, ಗ್ಯಾರೇಜಿನೊಳಗೆ ಬೇಡವೇ ಬೇಡ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಬಳಸುವುದೂ ಅಷ್ಟೇ ಅಪಾಯ: ಒಂದು ಕಿಡಿ ಒಳಹೋದರೆ ಎಳೆಯುವ ಗಾಳಿಗೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ, ಕಿಡಿ ಇಲ್ಲದಿದ್ದರೂ ನಯ ಬೂದಿ ಫಿಲ್ಟರ್ ದಾಟಿ ಮನೆಯೆಲ್ಲ ಹರಡುತ್ತದೆ. ಬೂದಿಗೆಂದೇ ಮಾಡಿದ ಲೋಹದ ಡಬ್ಬದ ವ್ಯಾಕ್ಯೂಮ್ ಕೊಳ್ಳಿ, ಅದನ್ನೂ ತಣ್ಣಗಿನ ಬೂದಿಗೆ ಮಾತ್ರ ಬಳಸಿ. ಮನೆಯ ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ಇವತ್ತೇ ನೋಡಿ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ದಿನಗಳ ಲೆಕ್ಕಕ್ಕಿಂತ ಸುಟ್ಟ ಪೆಲೆಟ್‌ನ ಲೆಕ್ಕ ಹೆಚ್ಚು ನಂಬಿಕೆಯದು. ಇಲ್ಲಿ ಒಂದು ಚೀಲ 40 ಪೌಂಡ್, ಅಂದರೆ ಸುಮಾರು 18 ಕಿಲೋ. 50 ಚೀಲಕ್ಕೆ ಒಂದು ಟನ್, ಅಮೆರಿಕದ ಟನ್ನಾದ್ದರಿಂದ ಸುಮಾರು 907 ಕಿಲೋ. ಚೀಲದ ಮೇಲೆ ಪಿಎಫ್‌ಐ (ಪೆಲೆಟ್ ಫ್ಯೂಯೆಲ್ಸ್ ಇನ್‌ಸ್ಟಿಟ್ಯೂಟ್ ಎಂಬ ಪೆಲೆಟ್ ಉದ್ಯಮದ ಸಂಸ್ಥೆ) ಗುರುತಿದ್ದು ಪ್ರೀಮಿಯಂ ಎಂದಿದ್ದರೆ ಬೂದಿ ಶೇಕಡಾ 1ರೊಳಗೆ, ತೇವ ಶೇಕಡಾ 8ರೊಳಗೆ ಇರಬೇಕು. ಸ್ಟ್ಯಾಂಡರ್ಡ್ ಎಂದಿದ್ದರೆ ಬೂದಿ ಶೇಕಡಾ 2ರವರೆಗೂ ಹೋಗಬಹುದು. ಅಂದರೆ ಒಂದು ಟನ್ ಸುಟ್ಟರೆ ಪ್ರೀಮಿಯಂನಲ್ಲಿ ಹೆಚ್ಚೆಂದರೆ 9 ಕಿಲೋ, ಸ್ಟ್ಯಾಂಡರ್ಡ್‌ನಲ್ಲಿ ಅದರ ಎರಡರಷ್ಟು ಬೂದಿ. ಚೀಲಕ್ಕೆ ಒಂದೆರಡು ಡಾಲರ್ ಉಳಿಸಿ ಎರಡರಷ್ಟು ಬೂದಿ ಎತ್ತುವುದು ನನಗೆ ಲಾಭವೆನಿಸುವುದಿಲ್ಲ. ನಾನು ಬರ್ನ್ ಪಾಟನ್ನು ಚಳಿ ಜೋರಿರುವಾಗ ದಿನ ಬಿಟ್ಟು ದಿನ ಕೆರೆಯುತ್ತೇನೆ, ಬೂದಿ ತಟ್ಟೆಯನ್ನು ವಾರಕ್ಕೊಮ್ಮೆ ಖಾಲಿ ಮಾಡುತ್ತೇನೆ, ಟನ್ನಿಗೊಮ್ಮೆ ಮೇಲೆ ಹೇಳಿದ ಪೂರ್ತಿ ಕೆಲಸ. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಅಂತಿಮ. ಚೀಲಗಳನ್ನು ನೆಲಕ್ಕೆ ತಾಗಿಸದೆ ಒಣಗಿದ ಜಾಗದಲ್ಲಿಡಿ, ನೀರು ಮುಟ್ಟಿದ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ಹಾಪರ್ ತಳದಲ್ಲಿ ಉಳಿಯುವ ಪುಡಿಯನ್ನೂ ಆಗಾಗ ತೆಗೆಯಿರಿ, ಆಗರ್ ಸಿಕ್ಕಿಕೊಳ್ಳಲು ಅದೂ ಒಂದು ಕಾರಣ. ಡಕ್ಟ್‌ಗೆ ಹೋಗುವ ಗಾಳಿಯ ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಹೊರಗಿನ ಹೊಗೆಬಾಯಿಗೆ ಲೀಫ್ ಬ್ಲೋವರಿನ (ಉದುರಿದ ಎಲೆ ಗುಡಿಸುವ ಗಾಳಿಯಂತ್ರ) ಹೀರುವ ಬಾಯಿ ಕಟ್ಟಿ ಬೂದಿಯನ್ನು ಎಳೆಸುವ ಉಪಾಯವನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೈ ನಿಲುಕದ ಮೂಲೆಗಳ ಬೂದಿ ಅದರಿಂದ ನಿಜಕ್ಕೂ ಬರುತ್ತದೆ. ಆದರೆ ಯಂತ್ರ ಪೂರ್ತಿ ತಣ್ಣಗಿರಬೇಕು, ವಿದ್ಯುತ್ ಕಡಿದಿರಬೇಕು, ತಯಾರಕರ ಒಪ್ಪಿಗೆ ಇರಬೇಕು. ಕಿಟ್ಟ ಅದಕ್ಕೆ ಜಗ್ಗುವುದಿಲ್ಲ, ಆದ್ದರಿಂದ ಕೈಕೆಲಸ ತಪ್ಪುವುದಿಲ್ಲ.

ಮೂರು ವಾರದ ಬಳಿಕ ದುರಸ್ತಿಯವರು ಬರುವುದನ್ನು ರದ್ದು ಮಾಡಬೇಡಿ. ಎನ್‌ಎಫ್‌ಐ (ನ್ಯಾಷನಲ್ ಫೈರ್‌ಪ್ಲೇಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ) ಪ್ರಮಾಣಪತ್ರ ಉಳ್ಳವರೇ ಎಂದು ಕೇಳಿ ನೋಡಿ. ಫ್ಯಾನಿನ ಬೇರಿಂಗ್, ವೈರಿಂಗ್, ಒತ್ತಡದ ಅಳತೆ ಅವರ ಕೆಲಸ. ಹೀಟ್ ಎಕ್ಸ್‌ಚೇಂಜರಿನಲ್ಲಿ ಬಿರುಕು ಬಿಟ್ಟಿದೆಯೇ ಎಂದೂ ನೋಡಿಸಿ, ಬಿರುಕಿದ್ದರೆ ಅಲ್ಲಿಂದ ಹೊಗೆ ಮನೆಯ ಗಾಳಿಗೆ ಬೆರೆಯಬಹುದು. ಮುಂದಿನ ವರ್ಷ ಏಪ್ರಿಲ್, ಮೇ ತಿಂಗಳಲ್ಲೇ ಕರೆಯಿರಿ, ಅಕ್ಟೋಬರಿನಲ್ಲಿ ಎಲ್ಲರೂ ಅವರ ಹಿಂದೆ ಬಿದ್ದಿರುತ್ತಾರೆ.

ವಿದ್ಯುತ್ತಿನ ಬಗ್ಗೆಯೂ ಈಗಲೇ ಯೋಚಿಸಿಡಿ. 2008ರ ಡಿಸೆಂಬರಿನಲ್ಲಿ ಹೆಪ್ಪುಗಟ್ಟುವ ಮಳೆ ಸುರಿದು ಮರಗಳು ತಂತಿಯ ಮೇಲೆ ಮುರಿದುಬಿದ್ದಾಗ ಈ ರಾಜ್ಯದ ಲಕ್ಷಗಟ್ಟಲೆ ಮನೆಗಳು ಕತ್ತಲಾಗಿದ್ದವು, ಎಷ್ಟೋ ಕಡೆ ದಿನಗಟ್ಟಲೆ. ಪೆಲೆಟ್ ಎಷ್ಟಿದ್ದರೂ ಕರೆಂಟ್ ಇಲ್ಲದೆ ಈ ಯಂತ್ರ ಓಡದು. ಹೊಗೆ ಫ್ಯಾನು ತಟ್ಟನೆ ನಿಂತರೆ ಕೋಣೆಗೆ ಹೊಗೆ ಬರಬಹುದಾದ್ದರಿಂದ, ಕ್ರಮವಾಗಿ ಆರಿಸುವಷ್ಟು ಹೊತ್ತಿಗಾದರೂ ಸಾಲುವ ಯುಪಿಎಸ್ ಇಟ್ಟುಕೊಳ್ಳಿ. ತಯಾರಕರು ಯಾವ ಬಗೆಯದನ್ನು ಒಪ್ಪುತ್ತಾರೆ ಎಂದು ಕೈಪಿಡಿಯಲ್ಲಿ ನೋಡಿ ಕೊಳ್ಳಿ.

ಚಳಿಗಾಲ ಮುಗಿದಾಗ ಬೂದಿಯನ್ನು ಒಳಗೆ ಬಿಟ್ಟು ಬಾಗಿಲು ಮುಚ್ಚಬೇಡಿ. ಜುಲೈನ ಸೆಕೆಯಲ್ಲಿ ಇಲ್ಲಿಯ ಬೇಸ್‌ಮೆಂಟುಗಳು ತೇವವಾಗುತ್ತವೆ. ಕ್ಷಾರವಾದ ಬೂದಿ ಆ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಹಾಪರ್ ಖಾಲಿಯಾಗುವವರೆಗೆ ಉರಿಸಿ, ಪೂರ್ತಿ ಶುಚಿ ಮಾಡಿ, ಹೊರಗಿನ ಬಾಯಿಗೆ ಹಕ್ಕಿ ಗೂಡು ಕಟ್ಟದಂತೆ ಮುಚ್ಚಿ. ಮುಚ್ಚಿದ್ದೀರಿ ಎಂಬ ಚೀಟಿಯನ್ನು ಫರ್ನೇಸಿನ ಸ್ವಿಚ್ಚಿಗೇ ಅಂಟಿಸಿ.

ಇನ್ನು ತೋಟ. ಶುದ್ಧ ಮರದ ಪೆಲೆಟ್‌ನ ಬೂದಿಯಾದರೆ ಹಾಕಬಹುದು. ಅದರಲ್ಲಿ ಸುಣ್ಣದ ಅಂಶವೂ ಪೊಟ್ಯಾಷಿಯಮ್ಮೂ ಇದೆ, ನ್ಯೂ ಇಂಗ್ಲೆಂಡಿನ, ಅಂದರೆ ನಮ್ಮ ಈ ಪ್ರದೇಶದ ಹುಳಿಮಣ್ಣಿಗೆ ಹುಲ್ಲುಹಾಸಿನ ಮೇಲೆ ತೆಳ್ಳಗೆ ಎರಚಿದರೆ ಒಳ್ಳೆಯದೇ. ಬ್ಲೂಬೆರಿ ಗಿಡಗಳ ಬುಡಕ್ಕೆ ಮಾತ್ರ ಹಾಕಬೇಡಿ, ಅವಕ್ಕೆ ಹುಳಿಮಣ್ಣೇ ಬೇಕು. ಆಲೂಗಡ್ಡೆಯ ಪಾತಿಗೂ ಬೇಡ, ಕಜ್ಜಿರೋಗ ಹೆಚ್ಚುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಹಾಕಿದರೆ ಇನ್ನೂ ಉತ್ತಮ.

ಇಷ್ಟು ಮಾಡಿದ ಮೇಲೂ ಯಂತ್ರ ಆರಿದರೆ ಅದರ ಮಾದರಿ, ಪರದೆಯ ಮೇಲೆ ಬರುವ ಎರರ್ ಕೋಡ್, ಶುಚಿ ಮಾಡಿದ ಬರ್ನ್ ಪಾಟ್‌ನ ಮತ್ತು ಉರಿಯ ಒಂದೊಂದು ಚಿತ್ರ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.